ಗಿಟಾರ್ ಬಿಟ್ಟುಕೊಟ್ಟ ಮಳಿಗಾಲ

ಎಡಗೈ ಉಂಗರದ ಬೆರಳು. ಮಡಚಿದ್ರ ಮಡಚತಿತ್ತು, ಬಿಚ್ಚು ಅಂದ್ರ ಬಿಚ್ಚತಿದ್ದಿಲ್ಲ. ಬಲಗೈಲೆ ಹಿಡದು ಎಳದಾಗ ‘ಟಕ್’ ಅಂತ ಸಪ್ಪಳಾಗಿ ನೆಟ್ಟಗಾಗತಿತ್ತು. ಸಪ್ಪಳ ಎಷ್ಟು ಜೋರಂದ್ರ ನನ್ನ ಹೇಣ್ತಿ ಅಡಗಿಮನ್ಯಾಗಿಂದ “ಮತ್ತ ಮುರೀತೇನ್ರಿ?” ಅಂತ ಕೇಳ್ತಿದ್ಲು. ಗಜೇಂದ್ರಗಡದಾಗ ನಂದು ಪಂಪಸೆಟ್ ಮೋಟರ್ ವೈಂಡಿಂಗ್ ಅಂಗಡಿ. ದಿನಾ ತಾಮ್ರದ ತಂತಿ ಸುತ್ತಿ ಸುತ್ತಿ, ಐತವಾರ ಗಿಟಾರ್ ಬಾರಿಸಿ ಬಾರಿಸಿ, ಬೆರಳಿನ ನರ ಬಾತೈತಿ ಅಂದ್ರು ಗದಗಿನ ಎಲುಬಿನ ಡಾಕ್ಟರ್.

ಇದನ್ನ ಈಗ ಯಾಕ ಬರೀಬೇಕಾತಂದ್ರ, ಮೊನ್ನೆ ನಾ ಹಾಕಿದ್ದ ವಿಡಿಯೋ ನೋಡಿ ಭಾಳ ಮಂದಿ ಕೇಳೀರಿ. “ಬ್ಯಾಂಡ್ ನಿಮ್ದಂತೀರಿ, ಸ್ಟೇಜ್ ಮ್ಯಾಲ ನೀವ ಕಾಣವಲ್ರಿ. ಗಿಟಾರ್ ಹಿಡದಾಕಿ ಯಾರು?” ಅಂತ. ಒಬ್ಬಂವಂತೂ “ಅಂಕಲ್‌ನ ಒದ್ದು ಹೊರಗ ಹಾಕ್ಯಾರ” ಅಂತ ಬರದು ಕೆಳಗ ನಗೂ ಮಾರಿ ಬ್ಯಾರೆ ಹಚ್ಯಾನ. ತಮ್ಮಾ, ಯಾರೂ ಒದ್ದಿಲ್ಲ. ಪೂರ್ತಿ ಓದು.

ನಮ್ಮ ಬ್ಯಾಂಡಿನ ಹೆಸರು ‘ಬಿರುಕು’. ಹೆವಿ ಮೆಟಲ್. ಬ್ಯಾಸಗ್ಯಾಗ ನಮ್ಮ ಕರಿ ಮಣ್ಣಿನ ಎರಿ ಹೊಲ ಬಾಯಿ ತಗೀತಾವಲ್ಲ, ಆ ಬಿರುಕು. ಕಟ್ಟಿದ ಹೊತ್ತಿನಾಗ ಇದ್ದವರ ಪೈಕಿ ಉಳದಾಂವ ನಾ ಒಬ್ಬನ. ಮೊದಲ್ನೇ ಡ್ರಮ್ಮರ್ ಮಿಲಿಟ್ರಿ ಸೇರಿದ. ಆಮ್ಯಾಲ ಬಂದಾಕಿ ನರ್ಸ್ ಇದ್ಲು, ಮಂಗಳೂರ ದವಾಖಾನ್ಯಾಗ ನೌಕರಿ ಸಿಕ್ತು, ಹೋದ್ಲು. ಒಬ್ಬ ಹಾಡಾಂವ ಪಂಚಾಯ್ತಿ ಇಲೆಕ್ಷನ್ನಿಗೆ ನಿಂತ, ಗೆದ್ದ. ಗೆದ್ದ ಮ್ಯಾಲ ಕಪ್ಪಂಗಿ ಹಾಕ್ಕೊಂಡು ಚೀರಾಕ ಅವಂಗ ನಾಚಿಕಿ ಬಂತು. ಹಿಂಗ ಮಂದಿ ಬಂದಾರ, ಹೋಗ್ಯಾರ. ಬ್ಯಾಂಡ್ ನಿಂತಿಲ್ಲ. ಯಾಕ ನಿಂತಿಲ್ಲಂದ್ರ ನಮ್ಮದೊಂದು ಕಟ್ಟಳಿ ಐತಿ.

ನಮ್ಮಪ್ಪ ದೊಡ್ಡಾಟದಾಗ ರಾಕ್ಷಸನ ಪಾರ್ಟು ಮಾಡ್ತಿದ್ದ. ಅವರ ಮ್ಯಾಳದಾಗ ಹಿಂಗಿತ್ತು: ಪಾರ್ಟು ಬಿಡಾಂವ ಹೊಸಬಗ ತಾನ ಕಲಿಸಬೇಕು. ಹೊಸಬನ ಮೊದಲ್ನೇ ಆಟದ ದಿನ ತನ್ನ ಕೈಯಾರೆ ಅವನ ಕಾಲಿಗೆ ಗೆಜ್ಜಿ ಕಟ್ಟಬೇಕು. ಕಟ್ಟಿ, ಕೆಳಗ ಇಳದು, ಎಲ್ಲಾರಿಗಿಂತ ಮುಂದ ಕುಂದ್ರಬೇಕು. ಆಟ ಮುಗಿಯೂ ತನಕ ಬಾಯಿ ಬಿಡಂಗಿಲ್ಲ. ಹೊಸಬ ಮಾತು ಮರತು ಗೊಂಬಿಹಂಗ ನಿಂತ್ರೂ ಹೇಳಿಕೊಡಂಗಿಲ್ಲ. ಇದನ್ನ ನಾ ಎತ್ತಿಕೊಂಡು ಬಂದು ಬ್ಯಾಂಡಿನಾಗ ಇಟ್ಟೆ. ನಮ್ಮ ಹಾಡಿಗೆ ಬರವಣಗಿ ಇಲ್ಲ, ಚಲೋ ರೆಕಾರ್ಡಿಂಗೂ ಇಲ್ಲ. ಬಿಡಾಂವ ಕಲಿಸದ ಹೋದ್ರ ಹಾಡು ಅವನ ಸಂಗಾಟ ಹೋಕ್ಕೈತಿ. ಮಿಲಿಟ್ರಿಗೆ ಹೊಂಟಾಂವ ಸೈತ ನರ್ಸಿಗೆ ಎಲ್ಲಾ ಕಲಿಸಿ, ಡ್ರಮ್ಮಿನ ನಟ್ಟು ಬೋಲ್ಟು ತಾನ ಬಿಗದು, ಮುಂದ ಕುಂತು ನೋಡಿ, ಅಳಕೋತ ಹೋದ.

ಈ ಕಟ್ಟಳಿ ನನಗೂ ಒಂದಿನ ಹತ್ತತೈತಿ ಅಂತ ಖರೇ ಹೇಳ್ತೀನಿ, ನನ್ನ ತಲ್ಯಾಗ ಬಂದಿದ್ದಿಲ್ಲ.

ಈಗಿನ ಮಂದಿ ಹೇಳಿಬಿಡ್ತೀನಿ. ಹಾಡಾಂವ ರೋಣದ ಹೈಸ್ಕೂಲ್ ಕನ್ನಡ ಮಾಸ್ತರ, ನನ್ನ ವಯಸ್ಸಿನವನ. ಸಾಲ್ಯಾಗ ಹುಡುಗ್ರಿಗೆ ಷಟ್ಪದಿ ಹೇಳಿಕೊಡ್ತಾನ, ನಮ್ಮಲ್ಲಿ ಬಂದು ಹೊಟ್ಟ್ಯಾಗಿಂದ ಗುರ್ ಅಂತಾನ. ಡ್ರಮ್ ಬಾರಸಾಂವ ರಾಜೂರಾಂವ, ಬೋರ್‌ವೆಲ್ ಗಾಡಿ ಮ್ಯಾಲ ಕೆಲಸ. ಅದಕ್ಕ ಅವಂಗ ಬೋರ್‌ವೆಲ್ ಅಂತನ ಕರೀತೀವಿ. ಬಾಸ್ ಗಿಟಾರ್ ನರಗುಂದದಾಂವ, ಔಷಧ ಅಂಗಡಿ ಐತಿ, ಅವನ ಹೆಸರು ಮೆಡಿಕಲ್. ಮುಖ್ಯ ಗಿಟಾರ್ ನಂದೊಂದ. ಅಂದ್ರ ನನ್ನ ಬೆರಳು ನಿಂತ್ರ ಹಾಡ ನಿಂತಂಗ.

ಈ ಸಲದ ಮಳಿಗಾಲಕ್ಕ ನಮಗ ಒಂದು ಶೋ ಒದಗಿ ಬಂತು. ಹುಬ್ಬಳ್ಳಿ ಹುಡುಗರು ಕೆಲವರು ಆಗಾಗ ನಾಕೈದು ಬ್ಯಾಂಡ್ ಕೂಡಿಸಿ ಕಾರ್ಯಕ್ರಮ ಮಾಡ್ತಾರ. ಈ ಸಪ್ಪಳಕ್ಕ ಜಾಗಾ ಯಾರ್ ಕೊಡ್ತಾರ? ಮದುವಿ ಹಾಲಿನವರು ಕೊಡಂಗಿಲ್ಲ, ಕಾಲೇಜಿನವರು ಕೊಡಂಗಿಲ್ಲ. ಮೆಡಿಕಲ್‌ನ ಸೋದರಮಾವಂದು ನರಗುಂದದಾಗ ಹತ್ತಿ ಜಿನ್ನಿಂಗ್ ಮಿಲ್ ಐತಿ. ಹೊಸ ಹತ್ತಿ ಬರೂ ತನಕ ಖಾಲಿ. “ನಮ್ಮಲ್ಲೇ ಮಾಡ್ರಿ” ಅಂದಬಿಟ್ವಿ. ಬೆಳಗಾವಿದೊಂದು, ಕೊಲ್ಹಾಪುರದ್ದೊಂದು, ಹುಬ್ಬಳ್ಳಿ ಎರಡು, ಮನಿಯವರು ಅಂತ ನಾವು. ಗಣಪತಿ ಮುಂದ ಆರ್ಕೆಸ್ಟ್ರಾದವರು ಚಾ ಕುಡಿಯಾಕ ಹೋದಾಗ ಎರಡು ಹಾಡು ಹೊಡದು ಇಳೀತಿದ್ದವರು ನಾವು. ನಮ್ಮ ಸ್ವಂತ ಹಾಡು, ಪೂರ್ತಿ ಒಂದು ಸರತಿ, ಅದನ್ನ ಕೇಳಾಕಂತನ ಬಂದ ಮಂದಿ ಮುಂದ, ಅದ ಮೊದಲು.

ಹಿಂದ ಒಮ್ಮೆ ಹುಬ್ಬಳ್ಳ್ಯಾಗ ಹೆಸರು ಕೊಟ್ಟು, ಡ್ರಮ್ಮರ್ ಇಲ್ಲದ್ದಕ್ಕ ಕಡೀಕ ಕೈ ಎತ್ತಿದ್ವಿ. ಮಾಸ್ತರ ಅದನ್ನ ಮರತಿದ್ದಿಲ್ಲ. “ಈ ಸಲ ಕೈ ಎತ್ತಿದ್ರ ನಾ ಬಿಟ್ಟೆ ನೋಡು. ನಮ್ಮ ಊರಾಗ ನಾವ ಕರದು ನಾವ ಬರಲಿಲ್ಲಂದ್ರ, ಮುಂದ ನಾಯಿ ಸೈತ ನಮ್ಮನ್ನ ಕರಿಯಂಗಿಲ್ಲ” ಅಂದ. ಅಂವ ಬಿಟ್ರ ಬೋರ್‌ವೆಲ್ ಬಿಡ್ತಾನ. ಅಂವ ಬಿಟ್ರ ಮೆಡಿಕಲ್ ಇರಂಗಿಲ್ಲ. ಲೆಕ್ಕ ಸಾಫ್ ಇತ್ತು. ಈ ಶೋ ಆದ್ರ ಬಿರುಕು ಇರತೈತಿ, ಆಗದಿದ್ರ ಇಲ್ಲ.

ಪ್ರ್ಯಾಕ್ಟೀಸ್ ರಾಜೂರದ ಹೊಲದಾಗ, ಬೋರ್‌ವೆಲ್‌ನ ತಮ್ಮಂದು ಒಂದು ತಗಡಿನ ಶೆಡ್ ಐತಿ, ಅಲ್ಲಿ. ಪಂಪಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಕೊಟ್ಟಾಗ ಮಾತ್ರ ನಮ್ಮ ದೊಡ್ಡ ಸ್ಪೀಕರ್ ಬಾಯಿ ಬಿಡ್ತಾವು. ಕರೆಂಟ್ ಪಾಳಿ ಬಂತಂದ್ರ ಮಾಸ್ತರ ಸಾಲಿ ಬಿಟ್ಟಕೂಡ್ಲೆ ಗಾಡಿ ಹತ್ತಿ ಬರ್ತಾನ, ನಾ ಅರ್ಧಾ ಸುತ್ತಿದ ಮೋಟರ್ ಹಂಗ ಬಿಟ್ಟು ಹೊಂಡ್ತೀನಿ. ಬಾಜೂ ಹೊಲದ ಮುದುಕಿ ಮೊದಮೊದಲ ಬಂದು ಕೇಳಿದ್ಲು, “ಯಪ್ಪಾ, ಇಲ್ಲಿ ದೆವ್ವಾ ಬಿಡಸ್ತಾರಂತಲ್ಲ, ನಮ್ಮ ಸೊಸಿಗೆ ಹೊತ್ತು ಹೇಳ್ರಿ” ಅಂತ. ಮಾಸ್ತರ ಗಂಟಲು ಸೋಸಿಕೊಂಡು, “ಬಿಡಸಂಗಿಲ್ಲಬೇ ಯವ್ವಾ, ಹಿಡಸ್ತೀವಿ” ಅಂದ.

ಅಲ್ಲೇ ನನ್ನ ಬೆರಳು ಕೈ ಕೊಡಾಕತ್ತಿದ್ದು. ನಮ್ಮದೊಂದು ಹಾಡು ಐತಿ, ‘ಫ್ಯಾನು’. ಗಜೇಂದ್ರಗಡದ ಗುಡ್ಡದ ಮ್ಯಾಲ ತಿರಗತಾವಲ್ಲ, ಕರೆಂಟ್ ಮಾಡೂ ದೊಡ್ಡ ಗಾಳಿ ಫ್ಯಾನು, ಅವು ನೋಡಿ ಕಟ್ಟಿದ್ದು. ಬಲಗೈ ಅಂಚು ತಂತಿ ಮ್ಯಾಲ ಒತ್ತಿ ಇಟ್ಟು ಹೊಡದ್ರ ಸಪ್ಪಳ ಉಸಿರುಗಟ್ಟಿದಂಗ ‘ಝುಗ್ ಝುಗ್’ ಅಂತೈತಿ. ಹಂಗ ಹೊಡಕೋತ ನಾಕು ಸುತ್ತು ತಿರಗಬೇಕು. ನಾಕ್ನೇ ಸುತ್ತಿನ ಕಡೀಕ ಉಂಗರದ ಬೆರಳು ದಪ್ಪ ತಂತಿ ಬಿಟ್ಟು ಸಣ್ಣ ತಂತಿಗೆ ಹಾರಬೇಕು. ಅಲ್ಲಿ ಅದು ಸಿಕ್ಕೋತಿತ್ತು. ನಾ ಮಣಕಟ್ಟು ಝಾಡಿಸಿ ಹೆಂಗೋ ಬಿಡಿಸಿಕೊಂಡು ಹೊಡೀತಿದ್ದೆ. ಅಷ್ಟಕ್ಕ ಹಾಡು ಒಂದು ಕ್ಷಣ ಮುಗ್ಗರಿಸಿ ಮುಂದ ಹೋಗ್ತಿತ್ತು. ಮಂದಿ ನನ್ನ ಸಲುವಾಗಿ ಕಾಯಾಕ ರೂಢಿ ಆದ್ರು. ಬ್ಯಾಸಗಿ ಪೂರ್ತಿ ಹಿಂಗ ನಡೀತು.

ಗದಗಿನ ಡಾಕ್ಟರ್ ಒಂದು ಇಂಜೆಕ್ಷನ್ ಬೆರಳಿನ ಬುಡಕ್ಕ ಕೊಟ್ರು. ಆ ನೋವು ನನ್ನ ವೈರಿಗೂ ಬ್ಯಾಡ. ಕೆಲವು ದಿನ ಬೆರಳು ಮದುಮಗನಂಗ ನೆಟ್ಟಗಿತ್ತು, ಆಮ್ಯಾಲ ಹೊಳ್ಳಿ ಅದ ಹಾಡು. “ಸಣ್ಣ ಆಪರೇಷನ್ ಐತ್ರಿ, ಕೊಯ್ದು ಬಿಡಸಬೇಕು. ಆದ್ರ ಆಮ್ಯಾಲ ತಂತಿ ಸುತ್ತೂದು, ಬಾರ್ಸೂದು ಎಲ್ಲಾ ಬಂದ್. ಗಾಯ ಮಾಯೂ ತನಕ” ಅಂದ್ರು. ಶೋ ಅಷ್ಟರಾಗ ಬಂದು ಹೋಗತಿತ್ತು. “ಶೋ ಮುಗಿಸಿ ಬರ್ತೀನ್ರಿ” ಅಂದೆ. “ಬಾರಸಿದಷ್ಟೂ ಬಾವು ಹೆಚ್ಚಾಗತೈತಿ” ಅಂದ್ರು. ಮುಂದ ಎರಡು ಹಾಡು ಬಾರಸೂದ್ರಾಗ ಬೆರಳು ಮುಷ್ಟಿ ಹಾಕಿ ಕುಂತಬಿಡಾಕತ್ತು.

ಆ ದಿನಗಳಾಗ ನಾ ಒಂದು ಕಡೆ ಕುಂತಿಲ್ಲ. ಅಂಗಡ್ಯಾಗ ಕುಂತ್ರ ಗುಡ್ಡದ ಮ್ಯಾಲಿನ ಫ್ಯಾನು ಕಾಣಸ್ತಾವು, ಕಂಡ್ರ ಬೆರಳು ನೆನಪಾಗತೈತಿ. ಗಾಡಿ ಹತ್ತಿ ರೋಣಕ್ಕ ಹೋಗಿ ಮಾಸ್ತರ ಮುಂದ ಕುಂದ್ರತಿದ್ದೆ. ಅಂವ “ನೀ ತೀರ್ಮಾನ ಮಾಡು” ಅಂತಿದ್ದ. ನರಗುಂದಕ್ಕ ಹೋಗಿ ಮೆಡಿಕಲ್ ಮುಂದ ನಿಲ್ತಿದ್ದೆ. ಅಂವ ನೋವಿನ ಮುಲಾಮು ಕೊಟ್ಟು, “ಅಣ್ಣಾರ, ಹಾಡು ಕಡಿಮಿ ಮಾಡೂನಲ್ರಿ” ಅಂತಿದ್ದ. ಕಡಿಮಿ ಮಾಡಿ ಮಾಡಿ ಏನ್ ಉಳಿಸೂದು? ‘ಫ್ಯಾನು’ ಬಿಟ್ರ ನಮ್ಮ ಹತ್ರ ಏನೈತಿ?

ಹಿಂಗ ಒಂದಿನ ರೋಣದಿಂದ ನರಗುಂದಕ್ಕ ಹೊಂಟಿದ್ದೆ. ಯಾವಗಲ್ ಹತ್ರ ಕುರಿ ಹಿಂಡು ಅಡ್ಡ ಬಂತು. ಕ್ಲಚ್ ಹಿಡದು ನಿಂತೆ. ಕುರಿ ಹೋದ್ವು. ಕ್ಲಚ್ ಬಿಡಬೇಕು, ಬೆರಳು ಬಿಡವಲ್ದು! ಕ್ಲಚ್ಚಿನ ಹಿಡಿಕಿಗೆ ಕೊಕ್ಕಿ ಹಾಕಿದಂಗ ಕುಂತೈತಿ. ಬಲಗೈಲೆ ಬಿಡಸೂನಂದ್ರ ಗಾಡಿ ಇಳಿಜಾರಿನಾಗ ಐತಿ, ಬ್ರೇಕ್ ಬಿಡಂಗಿಲ್ಲ. ಹಿಂದ ಟ್ರ್ಯಾಕ್ಟರ್ ನಿಂತು ಹಾರ್ನ್ ಹೊಡಿಯಾಕತ್ತು.

“ಏನ್ರಿ ಯಜಮಾನ್ರ, ರಸ್ತಾದಾಗ ಪೂಜಿ ಹಾಕ್ಕೊಂಡ ಕುಂತೀರೇನು? ನಡೀರಿ!”

“ಬೆರಳು ಸಿಕ್ಕೈತೋ ತಮ್ಮಾ!”

“ಎದರಾಗ?”

“ಎದರಾಗೂ ಇಲ್ಲ, ತಂತಾನ ಸಿಕ್ಕೈತಿ!”

ಅಂವ ಇಳದು ಬಂದು ನೋಡಿ, ಬೆರಳು ಹಿಡದು ಎಳದ. ಟಕ್. ಅಂವ ಗಾಬರಿ ಆಗಿ ಕೈ ಬಿಟ್ಟ. “ಯಪ್ಪಾ, ನಾ ಏನ್ ಮುರದೆನೇನ್ರಿ?”

“ಇಲ್ಲ ಬಿಡು, ಅದು ದಿನದ್ದು.”

“ಈ ಕೈಲೆ ಏನ್ ಉದ್ಯೋಗ ಮಾಡ್ತೀರಿ?”

ನನಗ ಯಾಕ ಆ ಮಾತು ಬಂತೋ ಗೊತ್ತಿಲ್ಲ. ವೈಂಡಿಂಗ್ ಅನ್ನಲಿಲ್ಲ. “ಗಿಟಾರ್ ಬಾರಸ್ತೀನಿ” ಅಂದೆ.

ಅಂವ ನನ್ನ ಮಾರಿ ನೋಡಿದ, ಬೆರಳು ನೋಡಿದ. “ಇದರಲೇನು?” ಅಂದ. ಕುಚೋದ್ಯ ಇದ್ದಿಲ್ಲ, ಖರೇನ ಕೇಳಿದ. ಟ್ರ್ಯಾಕ್ಟರ್ ಹತ್ತಿ ಹೋದ.

ನರಗುಂದ ಮುಟ್ಟೂ ತನಕ ಅದ ಮಾತು ಕಿವ್ಯಾಗ. ಮೆಡಿಕಲ್ ಅಂಗಡಿ ಕಟ್ಟಿ ಮ್ಯಾಲ ಕುಂತು ಹೇಳಿದೆ: “ನಾ ಬಿಡ್ತೀನಿ. ಬ್ಯಾರೆ ಕೈ ಹುಡುಕ್ರಿ. ಕಟ್ಟಳಿ ಪ್ರಕಾರ ನಾನ ಕಲಸ್ತೀನಿ.”

ಅಂವ ಗಿರಾಕಿಗೆ ಕೆಮ್ಮಿನ ಔಷಧ ಕೊಡಾಂವ ಬಾಟ್ಲಿ ಕೈಯಾಗ ಹಿಡಕೊಂಡು ಹಂಗ ನಿಂತ. ಗಿರಾಕಿ ಹೋದ ಮ್ಯಾಲ ಅಂದ, “ಒಬ್ಬರ ಅದಾರ್ರಿ ಅಣ್ಣಾರ. ಮೊದಲ ಹೇಳಿದ್ರ ನೀವು ಸಿಟ್ಟಾಗ್ತೀರಂತ ಬಾಯಿ ಮುಚ್ಕೊಂಡಿದ್ದೆ.”

“ಯಾರು?”

“ದನದ ಡಾಕ್ಟರ್.”

ಕೊಣ್ಣೂರ ಸೇತುವಿ ಆಚಿ ಕಡೆ ಒಂದು ಹಳ್ಳ್ಯಾಗ ದನದ ದವಾಖಾನಿ ಐತಿ. ಅಲ್ಲಿ ಡಾಕ್ಟರ್ ಆಗಿ ಬಂದಾಕಿ. ಬೀದರಾಗ ಓದೂ ಮುಂದ ಹಾಸ್ಟೆಲ್ಲಿನಾಗ ಗಿಟಾರ್ ಕಲ್ತಾಳಂತ. ಇವನ ಅಂಗಡಿಗೆ ಬಂದಾಗ ನಮ್ಮ ವಿಡಿಯೋ ನೋಡಿ, “ಗಿಟಾರ್‌ದವ್ರು ನಾಕ್ನೇ ಸುತ್ತಿಗೆ ಯಾಕ ಎಡವ್ತಾರ್ರಿ?” ಅಂತ ಕೇಳಿದ್ಲಂತ. ಅದು ಕೇಳಿ ನನಗ ಸಿಟ್ಟು ಬಂದಿದ್ದು ಖರೇ. ಕಿವಿ ಚಲೋ ಐತಿ ಅನಿಸಿದ್ದೂ ಖರೇ.

ಮುಂದಿನ ಐತವಾರ ಆಕಿ ರಾಜೂರ ಶೆಡ್ಡಿಗೆ ಬಂದ್ಲು. ಗಂಬೂಟ್ ಹಾಕ್ಕೊಂಡನ ಬಂದಾಳ, ಬರೂ ದಾರ್ಯಾಗ ಯಾರದೋ ಎಮ್ಮಿ ಈಯಿಸಿ ಬಂದೀನಿ ಅಂದ್ಲು. ನನ್ನ ಬೆರಳು ಹಿಡದು, ಮಡಚಿ, ಬಿಚ್ಚಿ, ‘ಟಕ್’ ಕೇಳಿ ತಲಿ ಆಡಿಸಿದ್ಲು.

“ಎತ್ತಿಂದಾಗಿದ್ರ ನಾನ ಕೊಯ್ದಬಿಡ್ತಿದ್ದೆರಿ ಕಾಕಾ.”

“ಎತ್ತಿಗೆ ಉಂಗರದ ಬೆರಳ ಎಲ್ಲೈತ್ರಿ ಡಾಕ್ಟರ್?”

“ಅದಕ್ಕ ಅವು ಗಿಟಾರ್ ಬಾರಸಂಗಿಲ್ಲ.”

ಬೋರ್‌ವೆಲ್ ನೆಲಕ್ಕ ಬಿದ್ದು ನಕ್ಕ. ಕಾಕಾ ಅಂದಿದ್ದು ಒಂದ ನನಗ ನೆಟ್ಟತು. ಮಾಸ್ತರಗ ಆಕಿ ಸರ್ ಅಂದ್ಲು, ನೋಡ್ರಿ. ಅಂವ ನನಗಿಂತ ಆರು ತಿಂಗಳು ದೊಡ್ಡಾಂವ.

ಆಕಿ ತಂದ ಗಿಟಾರ್ ಚಲೋನ ಇತ್ತು, ಖರೆ ನಮ್ಮ ಹಾಡಿಗೆ ಸಪ್ಪಳ ಹೊಂದಲಿಲ್ಲ. ನಂದು ಹಳೆ ಗಿಟಾರ್. ಅದರ ಪಿಕಪ್, ಅಂದ್ರ ತಂತಿ ಅಲಗಾಡಿದ್ದನ್ನ ಹಿಡದು ಸ್ಪೀಕರಿಗೆ ಕಳಿಸೂ ಸುರುಳಿ, ಒಮ್ಮೆ ಸುಟ್ಟು ಹೋದಾಗ ನಾನ ಮಿಕ್ಸರ್ ಮೋಟರಿನ ಕೂದಲದಂಥಾ ತಂತಿ ಸುತ್ತಿ ಮಾಡಿದ್ದೆ. ಹೆಚ್ಚಿಗೆ ಸುತ್ತಿಬಿಟ್ಟಿದ್ದೆ. ಅದಕ್ಕ ಅದು ಕಲ್ಲು ಅರದಂಗ ಗರಗರ ಅಂತೈತಿ. ಮಾಸ್ತರ ಅಂದ, “ಆ ಗರಗರ ಇಲ್ಲದ ನನಗ ದನಿ ಏಳಂಗಿಲ್ಲ.” ಅಲ್ಲಿಗೆ ನನ್ನ ಗಿಟಾರೂ ಹೋತು. ಗೆಜ್ಜಿ ಅಂದ್ರ ಇದ ಅಲ್ಲೇನು ಮತ್ತ. ಕೊಟ್ಟೆ. ಕೊಟ್ಟ ಮ್ಯಾಲ ಕೈ ಎಲ್ಲಿ ಇಟ್ಕೋಬೇಕು ತಿಳೀಲಿಲ್ಲ, ಕಿಸೆದಾಗ ಇಟ್ಕೊಂಡೆ.

ಆಕಿ ಲಗೂ ಕಲೀತಿದ್ಲು. ನಾ ಬಾಯಿಲೆ ‘ಝುಗ್ ಝುಗ್ ಝಗಣ’ ಅಂತಿದ್ದೆ, ಆಕಿ ಕೈಲೆ ಅಂತಿದ್ಲು. ಕೆಲವು ಹಾಡು ಕೂತ್ವು. ಇನ್ನ ಮೂರು ಉಳದಿದ್ವು, ಅದರಾಗ ‘ಫ್ಯಾನು’ ಒಂದು. ಆಗ ಮಳಿ ಹಿಡೀತು.

ನಮ್ಮಲ್ಲಿ ಅಂಥಾ ಮಳಿ ಏನೂ ಇದ್ದಿಲ್ಲ. ಮ್ಯಾಲ ಘಟ್ಟದ ಕಡೆ ಆಗಿತ್ತು. ಡ್ಯಾಮ್ ತುಂಬಿ ಮಲಪ್ರಭಾಕ್ಕ ನೀರು ಬಿಟ್ರು. ಕೊಣ್ಣೂರ ಸೇತುವಿ ಮ್ಯಾಲ ನೀರು ಬಂತು. ಪೊಲೀಸರು ಬ್ಯಾರಿಕೇಡ್ ಹಾಕಿ ನಿಂತ್ರು. ಡಾಕ್ಟರ್ ಆಚಿ ಕಡೆ, ನಾವು ಈಚಿ ಕಡೆ, ಶೋ ಮುಂದಿನ ವಾರ. ನಾನೂ ಮೆಡಿಕಲ್ಲೂ ಗಾಡಿ ತಗೊಂಡು ಹೋಗಿ ನೋಡಿದ್ವಿ. ಕೆಂಪು ನೀರು, ಅದರಾಗ ಕಬ್ಬು, ಬೇಲಿ, ಒಂದು ಪ್ಲಾಸ್ಟಿಕ್ ಕುರ್ಚಿ ತೇಲಿ ಹೊಂಟಿದ್ವು. ಫೋನ್ ಮಾಡಿದ್ರ ಆಕಿ ಉಸಿರು ಬಿಡಾಕೂ ಪುರುಸೊತ್ತಿಲ್ಲದಂಗ, “ಕಾಕಾ, ಇಲ್ಲಿ ಹೊಳಿದಂಡಿ ದನಾ ಎಲ್ಲಾ ಸಾಲಿ ಕಂಪೌಂಡಿಗೆ ಹೊಡದಾರ. ಕಾಲುಬ್ಯಾನಿ ಬರಬಾರದಂತ ನಾ ಹಗಲೆಲ್ಲಾ ಸೂಜಿ ಚುಚ್ಚಾಕತ್ತೀನಿ. ಗಿಟಾರ್ ನನ್ನ ಕಡೆನ ಐತಿ. ನೀವು ಬಾರಿಸಿ ಕಳಸ್ರಿ, ಬಿಡುವಾದಾಗ ಕೇಳಿ ಕಲೀತೀನಿ” ಅಂದ್ಲು.

ನನ್ನ ಗಿಟಾರ್ ಆಚಿ ಕಡೆ. ಆಕಿ ಗಿಟಾರ್ ನಮ್ಮ ಶೆಡ್ಡಿನಾಗ. ಅದನ್ನ ತಗೊಂಡು ಅಂಗಡ್ಯಾಗ ಮೋಟರಗಳ ನಡುವ ಕುಂತು, ಫೋನ್ ಮುಂದ ಇಟ್ಕೊಂಡು ಬಾರಿಸಿ ಬಾರಿಸಿ ವಾಯ್ಸ್ ಮೆಸೇಜ್ ಕಳಿಸಿದೆ. ಒಂದು ಸಲ ನಿಧಾನ, ಒಂದು ಸಲ ಜೋರು. ‘ಫ್ಯಾನು’ ಬಂದಾಗ ಗೊತ್ತಲ್ಲ, ನಾಕ್ನೇ ಸುತ್ತಿಗೆ ಬೆರಳು ಸಿಕ್ಕೋತಿತ್ತು, ಝಾಡಿಸಿ ಮುಂದ ಹೋಗ್ತಿದ್ದೆ. ಆಕಿಗೆ ನನ್ನ ಬೆರಳಿನ ಕಥಿ ಗೊತ್ತೈತಿ, ತಿಳಕೋತಾಳ ಅನಕೊಂಡೆ.

ನೀರು ಇಳೀತು. ಸೇತುವಿ ಮ್ಯಾಲಿನ ಕೆಸರು ಬಳದು ದಾರಿ ಬಿಟ್ಟ ದಿನಾನ ಆಕಿ ಬಂದ್ಲು. ನಾಳೆ ಶೋ. ಕರೆಂಟ್ ಬಂತು, ‘ಫ್ಯಾನು’ ಹಚ್ಚಿದ್ವಿ. ಒಂದ್ನೇ ಸುತ್ತು, ಎರಡು, ಮೂರು. ನಾಕ್ನೇದಕ್ಕ ಆಕಿ ನೆಟ್ಟನ ಬೆರಳು, ಏನೂ ಆಗದ ಬೆರಳು, ತಂತಿ ಮ್ಯಾಲ ಅಷ್ಟ ಹೊತ್ತು ತಡದು, ಮಣಕಟ್ಟು ಝಾಡಿಸಿ ಹಾರಿತು. ಎಳ್ಳಷ್ಟೂ ಹೆಚ್ಚುಕಡಿಮಿ ಇಲ್ಲ. ನಾನ ಅಲ್ಲಿ ನಿಂತು ಬಾರಸಿದಂಗ.

“ನಿಂದರ್ರಿ, ನಿಂದರ್ರಿ!” ಅಂತ ಚೀರಿದೆ. “ಅಲ್ಲಿ ಯಾಕ ತಡದ್ರಿ ಡಾಕ್ಟರ್?”

“ನೀವ ಹಂಗ ಬಾರಿಸೀರಲ್ರಿ.”

“ಅಯ್ಯ, ಅದು ನನ್ನ ಬೆರಳು ಸಿಕ್ಕೊಂಡಿದ್ದು!”

“ನಾನೂ ಮೊದಲ ವಿಡಿಯೋ ನೋಡಿದಾಗ ಎಡವ್ತೀರಂತನ ತಿಳದಿದ್ದೆ. ಆದ್ರ ನೀವು ಕಳಿಸಿದ ಪ್ರತಿ ಮೆಸೇಜಿನಾಗೂ ಅಷ್ಟ ತಡ ಐತಿ. ಆ ವಿಡಿಯೋದಾಗ ಮಣಕಟ್ಟು ಸೈತ ಹಂಗ ಝಾಡಸ್ತೀರಿ. ಇಷ್ಟು ಸಲ ಒಂದ ನಮೂನಿ ತಪ್ಪು ಯಾರ್ ಮಾಡ್ತಾರಂತ, ಹಾಡ ಹಂಗೈತಿ ಅನಕೊಂಡೆ.”

“ನೆಟ್ಟಗ ಬಾರಸ್ರಿ.”

ನೆಟ್ಟಗ ಬಾರಿಸಿದ್ಲು. ಬೋರ್‌ವೆಲ್ ಹಿಂದ ಬಿದ್ದ. ಮತ್ತೊಮ್ಮೆ. ಈಗ ಮಾಸ್ತರ ಸಾಲು ಹಿಡೀಲಿಲ್ಲ, ಕೆಮ್ಮಿದ. ಮತ್ತೊಮ್ಮೆ, ಮತ್ತೊಮ್ಮೆ. ಡಾಕ್ಟರ್ ಒಬ್ಬಾಕಿನ ಮುಂದ, ಉಳದವರೆಲ್ಲಾ ಬಸ್ ತಪ್ಪಿದವರಂಗ ಹಿಂದ. ಮಾಸ್ತರ ಮೈಕ್ ಕೆಳಗಿಟ್ಟ.

“ಲೇ ಮಾರಾಯ, ಅಲ್ಲಿ ನಾ ಉಸಿರ್ ತಗೋತೀನಿ. ಬ್ಯಾಸಗಿ ಪೂರ್ತಿ ನೀ ಅಲ್ಲಿ ಎಡವಿ ಎಡವಿ ನನಗ ಅಷ್ಟು ಜಾಗಾ ಮಾಡಿಕೊಟ್ಟಿ. ಈಗ ಕಸಗೊಂಡ್ರ ನಾ ಎಲ್ಲಿ ಉಸಿರಾಡ್ಲಿ?”

“ತಪ್ಪು ಅದು! ಕೊಲ್ಹಾಪುರದವರು ಕೇಳಿದ್ರ ಏನಂತಾರ? ಕೈ ಕೂತಿಲ್ಲ ಅಂತಾರ.”

ಆಗ ಬೋರ್‌ವೆಲ್ ನಡುವ ಬಾಯಿ ಹಾಕಿದ. “ಅಣ್ಣಾ, ನಮ್ಮ ‘ಬಿಸಲು’ ಹಾಡಿನಾಗ ಒಂದು ಖಾಲಿ ಬರತೈತಲ್ಲ, ಎಲ್ಲಾ ಬಂದಾಗಿ ಹೊಳ್ಳಿ ಧಡಲ್ ಅಂತ ಬೀಳ್ತೀವಲ್ಲ, ಅದೂ ತಡಾನ. ಅದನ್ನ ಕೇಳಿನ ನಾ ಈ ಬ್ಯಾಂಡಿಗೆ ಬಂದಿದ್ದು. ಇದೂ ಹಂಗ ಇರ್ಲಿ.”

ನನಗ ನಗು ತಡೀಲಾರದ ಹೇಳಿಬಿಟ್ಟೆ. “ಹುಚ್ಚಾ, ಅದು ಹಾಡಲ್ಲ. ಮೊದಲ್ನೇ ಡ್ರಮ್ಮರ್, ಮಿಲಿಟ್ರ್ಯಾಂವ, ಅವನ ಕಾಲಪೆಡಲಿಗೆ ಹಳೆ ಮೊಪೆಡ್ಡಿನ ಸ್ಪ್ರಿಂಗ್ ಹಾಕಿಕೊಟ್ಟಿದ್ದೆ. ಅದು ಅಲ್ಲೇ ಕಳಚತಿತ್ತು. ಹೊಳ್ಳಿ ಸಿಗಿಸೂ ತನಕ ನಾವೆಲ್ಲಾ ಸುಮ್ನ ನಿಲ್ತಿದ್ವಿ. ಅಂವ ನರ್ಸಿಗೆ ಹಂಗ ಕಲಿಸಿದ, ಆಕಿ ಮುಂದಿನವಂಗ, ಅಂವ ನಿನಗ.”

ಬೋರ್‌ವೆಲ್ ಮಾರಿ ನೋಡಬೇಕಿತ್ತು.

“ಸ್ಪ್ರಿಂಗ್?”

“ಸ್ಪ್ರಿಂಗ್.”

“ನಾ ಅದನ್ನ ದೇವರ ಹಂಗ ಕಾಪಾಡಿಕೊಂಡು ಬಂದೀನಲ್ಲೋ ಅಣ್ಣಾ! ಅಲ್ಲಿ ಕಣ್ ಮುಚ್ಚತಿದ್ದೆ ನಾ!”

ಮೆಡಿಕಲ್ ಬಾಸ್ ಗಿಟಾರ್ ಹಿಡಕೊಂಡ ಕುಂತಲ್ಲೇ ನಕ್ಕ. ಮಾಸ್ತರ ನಕ್ಕ. ಡಾಕ್ಟರ್ ಮಾತ್ರ ನಗಲಿಲ್ಲ. ನನ್ನ ಕಡೆ ನೋಡಿ ಅಂದ್ಲು, “ಅದನ್ನ ತಗೀರಂತ ಯಾಕ ಹೇಳಲಿಲ್ರಿ ಕಾಕಾ ಅವ್ರಿಗೆ, ಇಷ್ಟು ವರ್ಷ?”

ಸ್ಪ್ರಿಂಗ್ ಹೋಗಿ ಎಷ್ಟೋ ಕಾಲ ಆತು. ಆ ಖಾಲಿ ಬಂದಾಗ ಮಾತ್ರ ಈಗೂ ನಾ ಮುಂದಿನ ಪೆಟ್ಟಿಗೆ ಹೊಸಬನಂಗ ಕಾಯ್ತೀನಿ. ತಗೀಬೇಕು ಅಂತ ಒಮ್ಮೆಯೂ ಅನಿಸಿಲ್ಲ. ಹಂಗಾದ್ರ ನನ್ನ ಬೆರಳಿನ ಎಡವಟ್ಟು ಮಾತ್ರ ಯಾಕ ತಪ್ಪಾಗಬೇಕು? ಅದರಾಗ ಕರೆಂಟ್ ಹೋತು. ಕತ್ತಲಿಲ್ಲ, ಇನ್ನ ಮೂರು ಸಂಜಿ. ಆಕಿ ಗಿಟಾರ್ ಒರಸಿ ಇಡಾಕತ್ತಿದ್ಲು. “ಹಂಗ ಇರ್ಲಿ. ತಡದ ಬಾರಸ್ರಿ” ಅಂದೆ. ಅಂದು ಹೊರಗ ಬಂದು ಗಾಡಿಗೆ ಕಿಕ್ ಹೊಡದೆ. ಅದು ಮೂರು ಸಲಕ್ಕೂ ಚಾಲೂ ಆಗಲಿಲ್ಲ. ಹಿಂದಿಂದ ಬೋರ್‌ವೆಲ್, “ಅಣ್ಣಾ, ಸ್ಪ್ರಿಂಗ್ ನೋಡ್ಕೊ!” ಅಂತ ಕೂಗಿದ.

ಶೋ ದಿನ ಜಿನ್ನಿಂಗ್ ಮಿಲ್ಲಿನ ಶೆಡ್ ತುಂಬಿತ್ತು. ಕಪ್ಪಂಗಿ ಹುಡುಗರು, ಉದ್ದ ಕೂದಲು, ಎಲ್ಲಾರೂ ನಿಂತಾರ. ಮಾಸ್ತರನ ವಿದ್ಯಾರ್ಥಿಗಳೂ ಕದ್ದು ಬಂದಾರ, ಅವರನ್ನ ನೋಡಿ ಮಾಸ್ತರ ಟವಲ್‌ಲೆ ಮಾರಿ ಮುಚ್ಕೊಂಡಾನ. ಮಧ್ಯಾಹ್ನ ಇಳದ ಮ್ಯಾಲ ನಮ್ಮ ಸರತಿ. ನಾ ಸ್ಟೇಜ್ ಹತ್ತಿ ಒಂದೊಂದು ತಂತಿ ಶ್ರುತಿ ಮಾಡಿದೆ, ವೈರ್ ಚುಚ್ಚಿದೆ, ಬೆಲ್ಟ್ ಎತ್ತಿ ಡಾಕ್ಟರ್ ಹೆಗಲಿಗೆ ನನ್ನ ಕೈಯಾರೆ ಹಾಕಿದೆ. “ಭಾರ ಐತಿ” ಅಂದ್ಲು. “ಹೂಂ” ಅಂದೆ. ಕೆಳಗ ಇಳದೆ.

ಮೆಡಿಕಲ್ ನನ್ನ ಸಲುವಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಎಲ್ಲಾರಿಗಿಂತ ಮುಂದ ಹಾಕಿಸಿದ್ದ. ಅಷ್ಟು ಮಂದ್ಯಾಗ ಕುಂತಾಂವ ನಾ ಒಬ್ಬನ, ಮದುಮಗಳ ಅಪ್ಪನಂಗ. ಹಿಂದ ಒಬ್ಬ, “ಅಂಕಲ್, ಸ್ವಲ್ಪ ಬಾಜೂ ಆಗ್ರಿ, ನಾವ್ ಕುಣಿಯಾಕ ಬೇಕು” ಅಂದ. ಬಾಯಿ ಬಿಡಂಗಿಲ್ಲಲ್ಲ, ತಲಿ ಅಲ್ಲಾಡಿಸಿ ಅಲ್ಲೇ ಕುಂತೆ.

ಬೋರ್‌ವೆಲ್ ಮೊದಲ್ನೇ ಪೆಟ್ಟು ಹೊಡದಕೂಡ್ಲೆ ಮ್ಯಾಲ ತೊಲಿ ಮ್ಯಾಲ ಹೋದ ವರ್ಷದಿಂದ ಕುಂತಿದ್ದ ಹತ್ತಿ ಎಳಿ ಅಲಗಾಡಿ ಉದರಾಕತ್ವು. ಎಲ್ಲಾರ ತಲಿ ಮ್ಯಾಲ, ಡ್ರಮ್ ಮ್ಯಾಲ, ಮಾಸ್ತರನ ಬಾಯಾಗ. ಮಂದಿ ಹೋ ಅಂತು. ‘ಬಿಸಲು’ ಬಂತು, ಖಾಲಿ ಬಂತು. ಬೋರ್‌ವೆಲ್ ಕಣ್ಣು ಮುಚ್ಚಿದ! ಸ್ಪ್ರಿಂಗ್ ಕಥಿ ಗೊತ್ತಾದ ಮ್ಯಾಲೂ ಮುಚ್ಚಿದ.

ಅದರ ಮುಂದಿನ ಹಾಡಿನ ನಡುವ ಗಿಟಾರ್ ಸಪ್ಪಳ ಪೂರಾ ಬಂದಾತು. ಡಾಕ್ಟರ್ ಕೈ ನಡದೈತಿ, ಸ್ಪೀಕರ್‌ನಾಗ ಏನಿಲ್ಲ. ಗಿಟಾರಿನ ವೈರ್ ಚುಚ್ಚೂ ಸಾಕೆಟ್ ಸಡಲಾಗೇತಿ ಅಂತ ನನಗ ಕುಂತಲ್ಲೇ ಗೊತ್ತಾತು, ಅದು ಅದರ ಹಳೆ ರೋಗ. ಮ್ಯಾಲಕ ಒತ್ತಿ ಹಿಡೀಬೇಕು. ಮಾಸ್ತರ ನನ್ನ ಕಡೆ ನೋಡಿದ. ಮೆಡಿಕಲ್ ನೋಡಿದ. ನಾ ಅರ್ಧಾ ಎದ್ದಿದ್ದೆ. ಬಾಯಿತನಕ ಬಂದಿತ್ತು. ಅಪ್ಪನ ಮ್ಯಾಳ ನೆನಪಾತು, ಕುಂತೆ. ಎರಡೂ ಕೈ ತೊಡಿ ಕೆಳಗ ಹಾಕ್ಕೊಂಡು ಅವುಗಳ ಮ್ಯಾಲ ಕುಂತೆ. ಡ್ರಮ್ಮು, ಬಾಸ್ ಎರಡ ನಡದಿದ್ವು. ಡಾಕ್ಟರ್ ವೈರ್ ಹಿಡದು ಎಳದ್ಲು, ತಿರುವಿದ್ಲು, ಕಡೀಕ ಕರಾದ ಬಾಯಿಗೆ ಔಷಧದ ಗೊಟ್ಟ ಹಾಕಿದಂಗ ಮ್ಯಾಲಕ ಒತ್ತಿ ಮೊಣಕೈಲೆ ಹಿಡದ್ಲು. ಗರ್ ಅಂತ ಹೊಳ್ಳಿ ಬಂತು. ಶೆಡ್ ಹಾರಿ ಹೋಗೂ ಹಂಗ ಮಂದಿ ಚೀರಿದ್ರು.

ಕಡೀಕ ‘ಫ್ಯಾನು’. ಒಂದು ಸುತ್ತು, ಎರಡು, ಮೂರು. ನಾಕ್ನೇದಕ್ಕ ತಡೀತು. ತಾಳಕ್ಕ ಮ್ಯಾಲ ಕೆಳಗ ಆಡ್ತಿದ್ದ ಹುಡುಗರ ತಲಿ ಬಗ್ಗಿದಲ್ಲೇ ನಿಂತ್ವು, ಮಾಸ್ತರ ಉಸಿರು ತಗೊಂಡ, ಎಲ್ಲಾ ಕೂಡೇ ಬಿದ್ವು. ಎರಡ್ನೇ ಸಲ ಬರೂದ್ರಾಗ ಮಂದಿಗೆ ಗೊತ್ತಾಗಿತ್ತು, ತಾವ ಕಾಯಾಕತ್ತಿದ್ರು. ಮುಗದ ಮ್ಯಾಲ ಕೊಲ್ಹಾಪುರದ ಗಿಟಾರ್‌ದಾಂವ ಡಾಕ್ಟರ್ ಹತ್ರ ಓಡಿ ಬಂದು ಹಿಂದಿ ಮರಾಠಿ ಕೂಡಿಸಿ ಕೇಳಾಕತ್ತ, ಆ ತಡ ಹೆಂಗ ಎಣಸ್ತೀರಿ ಅಂತ. ಆಕಿ ನನ್ನ ಕಡೆ ಕೈ ಮಾಡಿದ್ಲು. “ಅದು ಕಾಕಾಂದು.” ನಾ ಅವನ ಮುಂದ ಬೆರಳು ಮಡಚಿ, ಎಳದು, ಟಕ್ ಅನಿಸಿದೆ. ಅಂವ ಎರಡು ಹೆಜ್ಜಿ ಹಿಂದ ಸರದ.

ಮುಂದಿನ ವಾರನ ಗದಗಿಗೆ ಹೋಗಿ ಬೆರಳು ಕೊಯ್ಸಿಕೊಂಡೆ. ಈಗ ಗಾಯ ಮಾದೈತಿ. ಟಕ್ ಇಲ್ಲ, ಏನಿಲ್ಲ. ಮೊನ್ನೆ ಅಂಗಡಿ ಬಾಗಲಾ ಅರ್ಧಾ ಹಾಕಿ, ಡಾಕ್ಟರ್ ಗಿಟಾರ್ ಇನ್ನೂ ನನ್ನ ಕಡೆನ ಐತಲ್ಲ, ಅದರ ಮ್ಯಾಲ ‘ಫ್ಯಾನು’ ಬಾರಿಸಿದೆ. ಬೆರಳು ಬೆಣ್ಣಿ ಹಂಗ ಹಾರಿ ಹೋತು. ಖುಷಿ ಆಗಬೇಕಲ್ಲ? ಹಾಡ ಸಪ್ಪಗ. ತಡದು ಬಾರಸೂನಂದ್ರ ಒಮ್ಮೆ ಹೆಚ್ಚಾಗತೈತಿ, ಒಮ್ಮೆ ಕಡಿಮಿ. ಸಿಕ್ಕೊಳ್ಳಾರದ ಬೆರಳಿಗೆ ಸಿಕ್ಕೊಂಡಂಗ ಮಾಡಾಕ ಬರವಲ್ದು. ಮುಂಜಾನಿಂದ ಊಟದ ಹೊತ್ತಿನ ತನಕ ಹೊಡದೆ, ಒಂದು ಸಲಾನೂ ಕೂಡಲಿಲ್ಲ.

ಡಾಕ್ಟರ್‌ಗೆ ಫೋನ್ ಹಚ್ಚಿದೆ. ಹಿಂದ ಎಮ್ಮಿ ಒದರಾಕತ್ತಿತ್ತು.

“ಮಾಸ್ತರ ಎರಡು ಗಿಟಾರ್ ಇದ್ರ ಚಲೋ ಅನ್ನಾಕತ್ತಾನ” ಅಂದೆ. “ನಾ ಬರ್ಲೇನು ಅಂತ.”

“ಬರ್ರಿ ಕಾಕಾ, ಯಾರ್ ಬ್ಯಾಡಂದ್ರು?”

“ಬರ್ತೀನಿ, ಆದ್ರ… ನಾಕ್ನೇ ಸುತ್ತು ಕೂಡವಲ್ದು. ನೀವು ಹೆಂಗ ತಡೀತೀರಿ ಅಲ್ಲಿ?”

ಆಕಿ ಎಮ್ಮಿಗೆ ಏನೋ ಬೈದ್ಲು. ಆಮ್ಯಾಲ ಅಂದ್ಲು, “ಐತವಾರ ಸೇತುವಿ ದಾಟಿ ಈ ಕಡೆ ಬರ್ರಿ, ಕಲಸ್ತೀನಿ. ನನ್ನ ಗಿಟಾರ್ ನೀವ ಇಟ್ಕೊಂಡ ಬಾರಸ್ರಿ. ನಿಮ್ದು ಮಾತ್ರ ಹೊಳ್ಳಿ ಕೇಳಬ್ಯಾಡ್ರಿ, ಅದು ನನಗ ರೂಢಿ ಆಗೇತಿ.”